ರಜಾ ದಿನದ ಅಪ್ಪ ಆಗಬೇಡಿ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ನಾನು, ನನ್ನ ಹೆಂಡತಿ ವಿಚ್ಛೇದನ ಪಡೆಯಲು ತೀರ್ಮಾನಿಸಿದ್ದೇವೆ. ಹೊಡೆದಾಟ, ಬೈದಾಟ ಏನೂ ಇಲ್ಲ, ಒಟ್ಟಿಗೆ ಇರಲು ಆಗುತ್ತಿಲ್ಲ ಅಷ್ಟೆ. ಮಗಳಿಗೆ 9, ಮಗನಿಗೆ 3. ‘ಮೊದಲು ಜಂಟಿ ಖಾತೆಯ ದುಡ್ಡು ನಿನ್ನ ಹೆಸರಿಗೆ ಮಾಡ್ಕೋ, ಆಮೇಲೆ ಮಾತಾಡು’ ಎನ್ನುತ್ತಾರೆ ಗೆಳೆಯರು. ನನಗೆ ಮನಸ್ಸಿಲ್ಲ. ಆದರೆ ಮಕ್ಕಳು ಕೈತಪ್ಪಿ ಹೋಗುತ್ತಾರೇನೋ ಎಂಬ ಭಯವಿದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ದುಡ್ಡು ಅಲ್ಲೇ ಇರಲಿ. ಗಂಡ ಹೆಂಡತಿ ನಡುವೆ ಮಧ್ಯಸ್ಥಿಕೆ ಮಾಡುವುದೇ ನನ್ನ ಕೆಲಸ. ಒಬ್ಬರು ಖಾತೆ ಖಾಲಿ ಮಾಡಿಕೊಂಡು ಬಂದರೆ ಆಮೇಲೆ ಅವರ ಯಾವ ಮಾತನ್ನೂ ಇನ್ನೊಬ್ಬರು ನಂಬುವುದಿಲ್ಲ. ಸಂಬಳದ ಚೀಟಿ, ಉಳಿತಾಯ, ವಿಮೆ, ಸಾಲ ಎಲ್ಲದರ ಲೆಕ್ಕ ನೀವೇ ಮೊದಲು ಮೇಜಿನ ಮೇಲಿಡಿ. ಇಬ್ಬರ ಹೆಸರಲ್ಲಿ ಸಾಲ ಇದ್ದರೆ ಜೋಪಾನ. ‘ನಾನು ಕಟ್ಟುತ್ತೇನೆ’ ಎಂದವರು ಕಟ್ಟದಿದ್ದರೆ ಬ್ಯಾಂಕು ಇನ್ನೊಬ್ಬರನ್ನು ಹಿಡಿಯುತ್ತದೆ. ನಿಮ್ಮ ವಿಚ್ಛೇದನ ಅದಕ್ಕೆ ಲೆಕ್ಕಕ್ಕಿಲ್ಲ.

ಇನ್ನು ಮಕ್ಕಳ ವಿಷಯ. ನನ್ನ ಮುಂದೆ ಕೂತ ಅಪ್ಪಂದಿರು ಸಾಮಾನ್ಯವಾಗಿ ಕೇಳುವುದು ರಜಾ ದಿನಗಳನ್ನು. ಸುತ್ತಾಟ, ಆಟಿಕೆ, ಖುಷಿ. ನೀವು ಮಂಗಳವಾರದಂಥ ಮಾಮೂಲಿ ದಿನವನ್ನು ಕೇಳಿ! ಹೋಂವರ್ಕು, ಉಗುರು ಕತ್ತರಿಸುವುದು, ಹಲ್ಲಿನ ಡಾಕ್ಟರು, ಶಾಲೆಗೆ ಹೊರಡುವಾಗ ಸಿಗದ ಒಂದು ಕಾಲುಚೀಲ. ಈ ಕೆಲಸಗಳಲ್ಲಿ ಪಾಲು ಕೇಳುವ ಅಪ್ಪನನ್ನು ಕಂಡರೆ ತಾಯಂದಿರ ಬಿಗುವೂ ಸ್ವಲ್ಪ ಸಡಿಲವಾಗುತ್ತದೆ, ನಾನು ನೋಡಿದ್ದೇನೆ. 3 ವರ್ಷದ ಮಗನಿಗೆ ಹದಿನೈದು ದಿನಕ್ಕೊಮ್ಮೆ ಇಡೀ ದಿನ ಸಿಗುವುದಕ್ಕಿಂತ ವಾರದಲ್ಲಿ ಮೂರ್ನಾಲ್ಕು ಸಲ ಸ್ವಲ್ಪ ಹೊತ್ತು ಸಿಗುವುದು ಒಳ್ಳೆಯದು. ಅಷ್ಟು ಚಿಕ್ಕವರಿಗೆ ಎರಡು ವಾರ ಅಂದರೆ ಬಹಳ ಜಾಸ್ತಿ. ಮಗಳ ಅಭಿಪ್ರಾಯ ಕೇಳಿ, ಆದರೆ ‘ಯಾರ ಹತ್ತಿರ ಇರ್ತೀಯಾ?’ ಅಂತ ಮಾತ್ರ ಕೇಳಬೇಡಿ. ಅವಳ ಕೈಲಿ ಅಮ್ಮನಿಗೆ ಸುದ್ದಿ ಕಳಿಸುವುದೂ ಬೇಡ.

ಅಪ್ಪ ಅಮ್ಮ ಇಬ್ಬರನ್ನೂ ನಿಯಮಿತವಾಗಿ ಕಾಣುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಅದರಿಂದ ಮಗುವಿಗೇ ಕೆಡುಕಾಗುವಂತಿದ್ದರೆ ಮಾತು ಬೇರೆ. ಹಕ್ಕು ಮಗುವಿನದು, ಗಮನಿಸಿ. ಹಾಗಾಗಿ ‘ಮಗು ತೋರಿಸದಿದ್ದರೆ ದುಡ್ಡು ಕೊಡಲ್ಲ’ ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ಖರ್ಚಿನ ಹಣ ತಿಂಗಳು ತಿಂಗಳು ಹೋಗುತ್ತಿರಲಿ. ಭೇಟಿಗೆ ತಡೆಯಾದರೆ ವಕೀಲರ ಮೂಲಕ ಬೇರೆಯೇ ಕೇಳಿ.

ನೀವು ಮನೆ ಬಿಡುವುದಾದರೆ ಮಕ್ಕಳು ಯಾವ ದಿನ ಎಲ್ಲಿರುತ್ತಾರೆ ಎಂದು ಬರೆದು, ಇಬ್ಬರೂ ಸಹಿ ಹಾಕಿದ ಮೇಲೆ ಬಿಡಿ. ‘ಸದ್ಯಕ್ಕೆ ಹೀಗಿರಲಿ’ ಅಂದದ್ದೇ ಆರು ತಿಂಗಳಲ್ಲಿ ಕಾಯಂ ಆಗಿಬಿಡುತ್ತದೆ. ‘ಮಕ್ಕಳು ಹೊಂದಿಕೊಂಡಿದ್ದಾರಲ್ಲ, ಯಾಕೆ ಕದಲಿಸುವುದು?’ ಎಂದು ಎಲ್ಲರೂ ಕೇಳುತ್ತಾರೆ. ಮಕ್ಕಳಿಗೆ ವಿಷಯ ಹೇಳುವಾಗ ಇಬ್ಬರೂ ಜೊತೆಗೆ ಕೂತು ಹೇಳಿ. ತಪ್ಪು ಯಾರದು ಎಂಬ ವಿಚಾರಣೆ ಬೇಡ. ಮಗಳು ಮೊದಲು ಕೇಳುವುದು ‘ನನ್ನ ಶಾಲೆ ಬದಲಾಗುತ್ತಾ?’ ಅಂತಲೇ ಇರಬಹುದು. ಅದಕ್ಕೆ ಉತ್ತರ ಇಟ್ಟುಕೊಂಡು ಕೂತುಕೊಳ್ಳಿ.

ಕೊನೆಗೆ ಇಬ್ಬರೂ ಒಪ್ಪಿದ ಕರಾರನ್ನು ನ್ಯಾಯಾಲಯದ ಆದೇಶದೊಳಗೆ ಸೇರಿಸಿಕೊಳ್ಳಿ. ವರ್ಷಕ್ಕೊಮ್ಮೆ ಇಬ್ಬರೂ ಕೂತು ವೇಳಾಪಟ್ಟಿ ತಿದ್ದುತ್ತೇವೆ ಎಂಬ ಸಾಲೂ ಅದರಲ್ಲಿರಲಿ. ಈಗ ನಿಮ್ಮ ಮಗನಿಗೆ ಹೊಂದುವ ಕ್ರಮ ಅವನು ಶಾಲೆಗೆ ಹೋಗುವ ಹೊತ್ತಿಗೆ ಹೊಂದುವುದಿಲ್ಲ.