ಕೆಟ್ಟು ನಿಂತಾಗ ಅರಳುವ ಮುಖ

ಹಳೆಯ ಕಾರಿನ ಕಾರಣಕ್ಕೆ ಗಂಡ ಹೆಂಡತಿ ಆಪ್ತಸಲಹೆಗೆ ಬರುತ್ತಾರೆಂದರೆ ನಗು ಬರಬಹುದು. ನನ್ನಲ್ಲಿಗೆ ಇಂಥ ಮೂರು ಪ್ರಕರಣಗಳು ಬಂದಿವೆ. ಒಂದರಲ್ಲಿ ಕಾರಿನ ಬದಲು ಬುಲೆಟ್ ಇತ್ತು, ಅಷ್ಟೇ ವ್ಯತ್ಯಾಸ. ಇದು ಮೈಸೂರು ಸೀಮೆಯ ಒಂದು ಕುಟುಂಬದ ಪ್ರಕರಣ. ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.

ಪತಿ ಐವತ್ತು ದಾಟಿದ ಸರ್ಕಾರಿ ನೌಕರರು. ತಂದೆ 1984ರಲ್ಲಿ ಕೊಂಡಿದ್ದ ಪ್ರೀಮಿಯರ್ ಪದ್ಮಿನಿ ಅವರ ಪಾಲಿಗೆ ಬಂದಿತ್ತು: 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಗೇರು. ತಯಾರಿಕೆ ನಿಂತು ಎರಡು ದಶಕಗಳ ಮೇಲಾಗಿರುವುದರಿಂದ ಸಣ್ಣದೊಂದು ಬಿಡಿಭಾಗಕ್ಕೂ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಅಲೆಯಬೇಕು. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿ ಹತ್ತಬೇಕು. ಪತ್ನಿಯ ದೂರು ಹಣದ್ದೆಂದೇ ಮೊದಲೆರಡು ಭೇಟಿಗಳಲ್ಲಿ ನಾನು ಎಣಿಸಿದ್ದೆ. ಆ ಎಣಿಕೆ ತಪ್ಪಾಗಿತ್ತು.

ಮೂರನೆಯ ಭೇಟಿಯಲ್ಲಿ ಅವರು ಮಗಳ ಸಿಇಟಿ ದಿನದ ವಿಷಯ ತೆಗೆದರು. ಏಪ್ರಿಲ್ ಬಿಸಿಲಿನಲ್ಲಿ, ಮಧ್ಯಾಹ್ನದ ಪರೀಕ್ಷೆಗೆ ಹೊರಟವರ ಕಾರು ದಾರಿಯಲ್ಲಿ ನಿಂತಿತು. ಪೆಟ್ರೋಲ್ ಪಂಪು ಕಾದು, ಅದರೊಳಗಿನ ಪೆಟ್ರೋಲ್ ಆವಿಯಾಗಿ, ಕಾರ್ಬೊರೇಟರಿಗೆ ಏರುತ್ತಿರಲಿಲ್ಲ. ಈ ಕಾರುಗಳಿಗೆ ಬೇಸಿಗೆಯಲ್ಲಿ ಅಂಟಿಕೊಂಡ ರೋಗವಿದು. ಪತಿ ಬಾನೆಟ್ ಎತ್ತಿ, ಟವೆಲನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ತಣಿಯಲೆಂದು ಕಾಯುತ್ತ ನಿಂತರು. ಪತ್ನಿ ಸಿಕ್ಕ ಆಟೋ ಹಿಡಿದು ಮಗಳನ್ನು ತಲುಪಿಸಿದಾಗ ಪರೀಕ್ಷೆಗೆ ಹತ್ತು ನಿಮಿಷ ಉಳಿದಿತ್ತು.

“ಕಾರು ಕೆಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಮೇಡಂ,” ಎಂದರು ಆಕೆ. “ಮಗಳು ರಸ್ತೇಲಿ ನಿಂತು ಅಳ್ತಾ ಇದ್ದಳು. ಬಾನೆಟ್ ಎತ್ತಿದ ಕೂಡಲೇ ಇವರ ಮುಖ ಅರಳಿತು. ಅದನ್ನ ನಾನು ನೋಡಿದೆ.”

ಪತಿ ಅಲ್ಲಗಳೆಯಲಿಲ್ಲ. ಬಹಳ ಹೊತ್ತಿನ ಮೇಲೆ, “ಆಫೀಸಲ್ಲಿ ಯಾವ ಫೈಲು ಎಲ್ಲಿ ನಿಂತಿದೆ ಅಂತ ನನಗೆ ಗೊತ್ತಿರುತ್ತೆ, ಅದನ್ನ ಮುಂದಕ್ಕೆ ತಳ್ಳೋ ಅಧಿಕಾರ ಇರಲ್ಲ. ಇಲ್ಲಿ ಹಾಗಲ್ಲ ಮೇಡಂ,” ಎಂದರು.

ಕಾರು ಮಾರಿಬಿಡಿ ಎಂದು ನಾನು ಹೇಳಲಿಲ್ಲ. ಗಂಡಸಿನ ಪಕ್ಷ ವಹಿಸಿದೆನೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದರಿಂದ ಕಾರಣವನ್ನು ಬರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಕೂರುವುದು ಕಾಯಿಲೆಯಲ್ಲ; ಕೆಟ್ಟದ್ದೊಂದನ್ನು ತನ್ನ ಕೈಯಾರೆ ಸರಿಪಡಿಸುವ ಸುಖ ಈ ಮನುಷ್ಯನಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ತಪ್ಪಿದ್ದುದು ಬೇರೆ ಕಡೆ. ಕೆಟ್ಟು ನಿಲ್ಲುವ ಕಾರು ರಿಪೇರಿ ಮಾಡುವವನಿಗೆ ಒಗಟು. ಹಿಂದಿನ ಸೀಟಿನಲ್ಲಿ ಕೂತವರಿಗೆ ಬರೀ ಕಾಯುವಿಕೆ. ಅವರಿಬ್ಬರನ್ನೂ ಒಂದೇ ಕಾರಿನಲ್ಲಿ, ಒಂದೇ ಹೊತ್ತಿನಲ್ಲಿ ಕೂರಿಸಿದ್ದೇ ಈ ಮನೆಯ ಜಗಳದ ಬೇರು.

ಆದ್ದರಿಂದ ಇಷ್ಟು ಹೇಳಿದೆ. ಪದ್ಮಿನಿಯನ್ನು ಮನೆಯ ವಾಹನಗಳ ಲೆಕ್ಕದಿಂದ ತೆಗೆಯಿರಿ. ಪರೀಕ್ಷೆ, ಆಸ್ಪತ್ರೆ, ಮದುವೆಯ ಮುಹೂರ್ತ, ಹೀಗೆ ಹೊತ್ತಿಗೆ ಸರಿಯಾಗಿ ತಲುಪಬೇಕಾದ ಯಾರನ್ನೂ ಅದರಲ್ಲಿ ಕೂರಿಸಬೇಡಿ. ಬಸ್ಸಾದರೂ ಸರಿ, ಆಟೋ ಆದರೂ ಸರಿ. ತಿಂಗಳಿಗೆ ಎಷ್ಟು ಖರ್ಚೆಂಬುದನ್ನು ಇಬ್ಬರೂ ಕೂತು ನಿಗದಿಮಾಡಿ, ಅದು ಮೀರಿದರೆ ಬಿಡಿಭಾಗ ಮುಂದಿನ ತಿಂಗಳವರೆಗೆ ಕಾಯಲಿ. ಕಾಯುವುದನ್ನು ಕಾರೂ ಸ್ವಲ್ಪ ಕಲಿಯಲಿ ಎಂದಾಗ ಪತ್ನಿ ಮೊದಲ ಬಾರಿಗೆ ನಕ್ಕರು. ಕೊನೆಯದಾಗಿ, ಅಂದು ಮುಖ ಅರಳಿದ್ದಕ್ಕೆ ಮಗಳ ಬಳಿ ಕ್ಷಮೆ ಕೇಳಿ ಎಂದೆ. ಕಾರು ಕೆಟ್ಟಿದ್ದಕ್ಕಲ್ಲ ಎಂದೂ ಬಿಡಿಸಿ ಹೇಳಿದೆ.

ನಾಲ್ಕು ತಿಂಗಳ ನಂತರ ಪತಿ ಒಬ್ಬರೇ ಬಂದರು. ಖರ್ಚು ಹಿಡಿತಕ್ಕೆ ಬಂದಿತ್ತು, ಕ್ಷಮೆಯನ್ನೂ ಕೇಳಿದ್ದರು. ಕಾರು ಈಗ ಚೆನ್ನಾಗಿ ಓಡುತ್ತಿದೆ, ಆದರೆ ಭಾನುವಾರ ಸುಮ್ಮನೆ ಒಂದು ಸುತ್ತು ಹೋಗಿಬರೋಣವೆಂದರೂ ಮಗಳು ಹತ್ತುವುದಿಲ್ಲ, ಏನು ಮಾಡಲಿ ಎಂದು ಕೇಳಿದರು. ಕರೆಯುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದಷ್ಟೇ ಹೇಳಿ ಕಳುಹಿಸಿದೆ.