ನೇತಿ ಆದ ಮೇಲೆ ಕಿವಿ ಕಟ್ಟಿಕೊಂಡಿದೆ ಅಂದವರಿಗೆ

ಸರ್, ನಿಮ್ಮ ವಿಡಿಯೋ ಪೂರ್ತಿ ನೋಡಿದೆ. ನಲ್ಲಿ ನೀರಿಗೆ ಕೈಅಂದಾಜಲ್ಲಿ ಉಪ್ಪು ಹಾಕಿ ಜಲನೇತಿ, ಅಂದರೆ ಒಂದು ಹೊಳ್ಳೆಯಿಂದ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸೋದು, ಮಾಡಿದ್ದೀರಿ. ಆಮೇಲೆ ಎರಡೂ ಹೊಳ್ಳೆ ಬೆರಳಲ್ಲಿ ಅದುಮಿ, ಮುಖ ಕೆಂಪಾಗುವಷ್ಟು ಜೋರಾಗಿ ಗಾಳಿ ಊದಿದ್ದೀರಿ. ಎರಡು ದಿನದಿಂದ ಎಡಗಿವಿ ಕಟ್ಟಿಕೊಂಡು ಗುಂಯ್ ಅಂತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಕಾರಣ ಆ ಕೊನೆಯ ಊದೋದರಲ್ಲೇ ಇದೆ. ಗುಂಪಿನಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಾಣ್ತಿದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಮೊದಲು, ಗುಂಪಿನಲ್ಲಿ ಇಬ್ಬರು ಹೇಳಿರೋ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕಿವಿಗೆ ಬಿಡಬೇಡಿ. ತೊಂದರೆ ಇರೋದು ಕಿವಿ ತಮಟೆಯ ಒಳಗಡೆ. ಹೊರಗಿಂದ ಬಿಟ್ಟ ಎಣ್ಣೆ ತಮಟೆ ತನಕ ಹೋಗಿ ನಿಲ್ಲುತ್ತೆ, ಅಷ್ಟೇ. ತಮಟೆಯಲ್ಲಿ ತೂತಿದ್ದರೆ ಒಳಗೆ ಹೋಗುತ್ತೆ, ಆಗ ಕಿವಿ ಸೋರೋಕೆ ಶುರುವಾದರೂ ಆಶ್ಚರ್ಯ ಇಲ್ಲ. ಎರಡು ರೀತಿಯಲ್ಲೂ ನಷ್ಟವೇ. ದಯವಿಟ್ಟು ಇಂಥ ಸಲಹೆ ಕೊಡುವಾಗ ಒಂದು ಸಲ ಯೋಚನೆ ಮಾಡಿ.

ನೇತಿ ನೀರು ಕಿವಿಗೆ ಹೋಗೋ ದಾರಿ ಮೂಗಿನ ಹಿಂದಿದೆ. ಮೂಗು ಹಿಂದಕ್ಕೆ ಹೋಗಿ ಗಂಟಲಿಗೆ ಸೇರೋ ಜಾಗದಲ್ಲಿ, ಅಂದರೆ ಕಿರುನಾಲಿಗೆಗಿಂತ ಮೇಲೆ, ಎರಡೂ ಪಕ್ಕದ ಗೋಡೆಯಲ್ಲಿ ಒಂದೊಂದು ನಳಿಕೆಯ ಬಾಯಿ ಇದೆ. ಅದೇ ಯೂಸ್ಟೇಷಿಯನ್ ನಳಿಕೆ. ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ, ನೇರ ತಮಟೆಯ ಹಿಂದಿನ ನಡುಗಿವಿಗೇ ಹೋಗುತ್ತೆ. ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತೆ. ಎಂಜಲು ನುಂಗಿದಾಗ, ಆಕಳಿಸಿದಾಗ ಅಂಗುಳದ ಸ್ನಾಯು ಎಳೆದು ಕ್ಷಣಹೊತ್ತು ತೆರೆಯುತ್ತೆ. ಘಾಟಿ ಹತ್ತುವಾಗ ಬಸ್ಸಿನಲ್ಲಿ ಕಿವಿ ಕಟ್ಟಿ, ನುಂಗಿದರೆ ಪಟ್ ಅಂತ ಬಿಡುತ್ತಲ್ಲ, ಅದು ಇದೇ. ಇದು ಬಲವಂತಕ್ಕೂ ತೆರೆಯುತ್ತೆ. ಮೂಗು, ಬಾಯಿ ಎರಡೂ ಮುಚ್ಚಿ ಊದಿದರೆ ಗಾಳಿಗೆ ಬೇರೆ ದಾರಿ ಇಲ್ಲ. ಮೂಗಿನ ಹಿಂದೆ ನಿಂತಿರೋ ಉಪ್ಪುನೀರು, ಸಿಂಬಳ ಎಲ್ಲ ಸೇರಿಸಿ ನಳಿಕೆಗೆ ನುಗ್ಗುತ್ತೆ. ಹಿಂದಿನ ದಿನ ಶೀತ ಇದ್ದವರಿಗೆ ನಳಿಕೆಯ ಬಾಯಿ ಮೊದಲೇ ಊದಿಕೊಂಡಿರುತ್ತೆ, ಒಳಗೆ ಹೋದದ್ದು ಹೊರಗೆ ಬರೋಕೆ ತಡ ಮಾಡುತ್ತೆ.

ಇದರಿಂದ ಎರಡು ನಿಯಮ ಬರುತ್ತೆ. ನೀರು ಹರಿಯುತ್ತಿರುವಾಗ ನುಂಗಬಾರದು. ಆದ ಮೇಲೆ ಎರಡೂ ಹೊಳ್ಳೆ ತೆರೆದೇ ಗಾಳಿ ಬಿಡಬೇಕು, ಬಾಯಿಯೂ ತೆರೆದಿರಲಿ. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಊದೋದನ್ನೂ ಕೆಲವರು ಕಲಿಸ್ತಾರೆ. ಮೆತ್ತಗೆ ಮಾಡಿದರೆ ನಡೆಯುತ್ತೆ, ಆದರೆ ಜನ ಮೆತ್ತಗೆ ಮಾಡೋದೇ ಇಲ್ಲ. ಹಾಗಾಗಿ ಹೊಸಬರಿಗೆ ಅದನ್ನು ಹೇಳಿಕೊಡಲೇಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ನುಂಗದೆ ಇರೋದು ಹೇಗೆ ಅಂತ ಕೇಳ್ತಾರೆ. ಗಂಟಲಿಗೆ ನೀರು ಇಳಿದರೆ ತಾನಾಗೇ ನುಂಗಿಬಿಡ್ತೀವಿ, ಆದ್ದರಿಂದ ಗಂಟಲಿಗೆ ಇಳಿಯದಂತೆ ನೋಡಿಕೊಳ್ಳಬೇಕು. ಆ ಕೆಲಸ ಮಾಡೋದು ಮೆತ್ತನೆಯ ಅಂಗುಳ. ನಾಲಿಗೆ ತುದಿಯನ್ನು ಹಲ್ಲಿನ ಹಿಂದಿನಿಂದ ಅಂಗುಳದ ಮೇಲೆ ಹಿಂದಕ್ಕೆ ಸವರಿ ನೋಡಿ, ಗಟ್ಟಿ ಮೂಳೆ ಮುಗಿದು ಮೆತ್ತಗಾಗೋ ಜಾಗ ಸಿಗುತ್ತೆ. ಅಲ್ಲಿಂದ ಹಿಂದಿರೋ ಭಾಗ ಮೇಲೆದ್ದು ಗಂಟಲ ಹಿಂಗೋಡೆಗೆ ಒತ್ತಿದರೆ ಮೂಗಿಗೂ ಬಾಯಿಗೂ ಸಂಪರ್ಕ ಮುಚ್ಚುತ್ತೆ. ಅದು ಯಾವಾಗ ಏಳುತ್ತೆ ಅಂತ ಒಣಗಿದ ಮೂಗಲ್ಲೇ ಪರೀಕ್ಷೆ ಮಾಡಿ. ಮೂಗು ಹಿಡಿದುಕೊಂಡು 'ಮ್‌' ಅಂತ ಎಳೆಯಿರಿ, ತಕ್ಷಣ ನಿಂತುಹೋಗುತ್ತೆ. ಹಾಗೇ ಹಿಡಿದುಕೊಂಡು 'ಆ' ಅಂತ ಎಳೆಯಿರಿ, ಸಲೀಸಾಗಿ ಹೋಗುತ್ತೆ. ಮ, ನ, ಙ ಅನ್ನುವಾಗ ಅಂಗುಳ ಕೆಳಗಿಳಿದು ಗಾಳಿ ಮೂಗಿಗೆ ಬರುತ್ತೆ. ಕ, ಗ ಅನ್ನುವಾಗ ಮೇಲೆದ್ದು ಬಾಗಿಲು ಹಾಕುತ್ತೆ. ನೇತಿ ಮಾಡುವಾಗ ಬಾಯಿ ಅಗಲಿಸಿ ಬಾಯಲ್ಲೇ ಉಸಿರಾಡಿ. ನೀರು ಹಿಂದಕ್ಕೆ ಜಾರ್ತಿದೆ ಅನ್ನಿಸಿದ ಕೂಡಲೇ 'ಕ, ಕ, ಕ' ಅಂತ ಮೆಲ್ಲಗೆ ಅನ್ನಿ. ಇದೊಂದು ಅಭ್ಯಾಸ ಆದರೆ ಅರ್ಧ ತೊಂದರೆ ಹೋಗುತ್ತೆ. ನೀರು ಹಾಕದೆ ನಾಲ್ಕು ದಿನ ಬರೀ ಇದನ್ನೇ ಮಾಡಿದರೂ ನಷ್ಟ ಇಲ್ಲ. ಮಧ್ಯೆ ಮಾತಾಡಬೇಡಿ, ನಗಬೇಡಿ. 'ಹ್ಮ್' ಅಂದರೂ ಅಂಗುಳ ಇಳಿಯುತ್ತೆ, ನೀರು ಗಂಟಲಿಗೆ ಬರುತ್ತೆ. ಹುಟ್ಟಿನಿಂದ ಸೀಳಂಗುಳ ಇದ್ದು ಆಪರೇಷನ್ ಆದವರಿಗೆ ಈ ಬಾಗಿಲು ಪೂರ್ತಿ ಹಾಕದೇ ಇರಬಹುದು. ಅಂಥವರು ಡಾಕ್ಟರನ್ನು ಕೇಳದೆ ನೇತಿಗೆ ಕೈ ಹಾಕಬೇಡಿ.

ವಿಡಿಯೋದಲ್ಲಿ ನೀವು ಗದ್ದ ಮೇಲೆತ್ತಿದ್ದೀರಿ, ಅದು ಗಂಟಲಿಗೇ ದಾರಿ ಮಾಡಿಕೊಟ್ಟ ಹಾಗೆ. ಸಿಂಕಿನ ಮೇಲೆ ಸೊಂಟದಿಂದ ಬಗ್ಗಿ, ತಲೆ ಪಕ್ಕಕ್ಕೆ ವಾಲಿಸಿ. ಹಣೆ, ಗದ್ದ ಎರಡೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿರಲಿ. ಹಣೆ ಗದ್ದಕ್ಕಿಂತ ಕೆಳಗೆ ಹೋದರೆ ನೀರು ಮೂಗಿನ ಮಾಡಿಗೆ, ಅಂದರೆ ಒಳಗಿನ ಚಾವಣಿಗೆ, ಹೋಗಿ ಹುಬ್ಬಿನ ಮಧ್ಯೆ ಚುರುಗುಟ್ಟುತ್ತೆ. ನೇತಿ ಲೋಟದ ಕೊಕ್ಕಿನಂಥ ಮೂತಿಯನ್ನು ಮೇಲಿನ ಹೊಳ್ಳೆಗೆ ಸಂದಿ ಇಲ್ಲದಂತೆ ಕೂರಿಸಿ, ಮಧ್ಯದ ಗೋಡೆಗೆ ಚುಚ್ಚಬೇಡಿ. ಮೂಗಿನ ನೆಲ ಮೇಲಕ್ಕೆ ಹೋಗಲ್ಲ, ಅಂಗುಳಕ್ಕೆ ಸಮನಾಗಿ ನೇರ ಹಿಂದಕ್ಕೆ ಹೋಗುತ್ತೆ. ಮೂತಿಯೂ ಆ ಕಡೆಗೇ ಇರಲಿ, ಕಣ್ಣಿನ ಕಡೆಗಲ್ಲ.

ಉಪ್ಪಿನ ಲೆಕ್ಕ: ಲೀಟರಿಗೆ 9 ಗ್ರಾಂ. ಅರ್ಧ ಲೀಟರಿನ ಲೋಟಕ್ಕೆ ನಾಲ್ಕೂವರೆ ಗ್ರಾಂ, ಪುಡಿ ಉಪ್ಪಾದರೆ 5 ಮಿಲಿಯ ಚಮಚದಲ್ಲಿ ಮಟ್ಟವಾಗಿ ಮುಕ್ಕಾಲು. ಹರಳುಪ್ಪಿಗೆ ಚಮಚದ ಲೆಕ್ಕ ನಡೆಯಲ್ಲ, ಹರಳಿನ ಮಧ್ಯೆ ಜಾಗ ಇರೋದರಿಂದ ತೂಕ ಕಮ್ಮಿ ಬೀಳುತ್ತೆ. ಅಡುಗೆಮನೆ ತಕ್ಕಡಿ ಒಂದೊಂದೇ ಗ್ರಾಂ ತೋರಿಸೋದಾದರೆ ನಾಲ್ಕೂವರೆ ತೂಗೋಕಾಗಲ್ಲ. ಒಂದು ಲೀಟರಿಗೆ 9 ಗ್ರಾಂ ಹಾಕಿ ಒಟ್ಟಿಗೇ ಮಾಡಿಕೊಳ್ಳಿ, ಮುಚ್ಚಿ ಫ್ರಿಜ್ಜಿನಲ್ಲಿಡಿ, ಬೇಕಾದಷ್ಟು ಬೆಚ್ಚಗೆ ಮಾಡಿ ಬಳಸಿ, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ನಾಲಿಗೆಗೆ ಕಣ್ಣೀರಿನಷ್ಟು ಉಪ್ಪಿರಬೇಕು. ಉಪ್ಪು ಕಮ್ಮಿಯಾದರೆ ಮೂಗಿನ ಒಳಪದರ ನೀರು ಹೀರಿ ಊದಿಕೊಳ್ಳುತ್ತೆ, ಉರಿಯುತ್ತೆ. ಜಾಸ್ತಿಯಾದರೂ ಉರಿಯುತ್ತೆ, ತೀರಾ ಜಾಸ್ತಿಯಾದರೆ ಸಿಂಬಳ ಸಾಗಿಸೋ ಸೂಕ್ಷ್ಮ ರೋಮಗಳ ಚಲನೆಯೂ ನಿಧಾನ ಆಗುತ್ತೆ. ಶಾಖ ಮೈಬಿಸಿಯಷ್ಟಿರಲಿ, ಮಣಿಕಟ್ಟಿನ ಮೇಲೆ ಬಿಟ್ಟುಕೊಂಡರೆ ಬಿಸಿ, ತಣ್ಣಗೆ ಎರಡೂ ಅನ್ನಿಸಬಾರದು.

ಯಾವ ಉಪ್ಪು ಅಂತ ಜಗಳ ಆಡಬೇಕಾಗಿಲ್ಲ. ಟಾಟಾ ಸಾಲ್ಟೇ ಇದ್ದರೆ ಅದನ್ನೇ ಹಾಕಿ, ಹೆಚ್ಚಿನವರಿಗೆ ಏನೂ ಆಗಲ್ಲ. ಅಳತೆ ಸರಿ ಇದ್ದೂ ಉರಿದರೆ ಅಯೋಡಿನ್ ಇಲ್ಲದ ಉಪ್ಪು ತನ್ನಿ. ಸೈಂಧವ ಲವಣ ಹಾಕೋರು ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಸಣ್ಣ ಕಲ್ಲಿನ ಪುಡಿ ಇರುತ್ತೆ. ಕಪ್ಪುಪ್ಪು ಬೇಡ. ನೀಲ್‌ಮೆಡ್ ಪೊಟ್ಟಣ ಸಿಕ್ಕರೆ ಅನುಕೂಲ, ಉಪ್ಪು, ಅಡುಗೆ ಸೋಡಾ ಎರಡೂ ಅಳತೆ ಮಾಡಿಯೇ ಇರುತ್ತೆ, ಆದರೆ ದಿನಾ ಮಾಡೋರಿಗೆ ದುಬಾರಿ. ಮನೆಯಲ್ಲೇ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಉರಿ ಕಮ್ಮಿಯಾಗುತ್ತೆ. ಬೇಕಿಂಗ್ ಪೌಡರ್ ಅಲ್ಲ, ಈನೋ ಅಲ್ಲ, ಬಟ್ಟೆಗೆ ಹಾಕೋ ವಾಷಿಂಗ್ ಸೋಡಾ ಅಂತೂ ಖಂಡಿತ ಅಲ್ಲ. ಹೆಸರು ನೋಡಿ ಮೋಸ ಹೋಗಬೇಡಿ, ಅದು ಒಳಪದರ ಸುಟ್ಟುಬಿಡುತ್ತೆ.

ತಾಮ್ರದ ಲೋಟ ಚೆಂದ ಕಾಣುತ್ತೆ, ಆದರೆ ಅದರಲ್ಲಿ ಉಪ್ಪುನೀರು ರಾತ್ರಿಯಿಡೀ ಇಟ್ಟರೆ ಕಿಲುಬು ಹಿಡಿಯುತ್ತೆ. ಸ್ಟೀಲ್ ಅಥವಾ ಪಿಂಗಾಣಿ ಒಳ್ಳೇದು. ಹಿಸುಕೋ ಬಾಟಲಿ ಬಳಸೋರು ನೆನಪಿಡಿ, ಕೈ ಬಿಗಿಯಾದಷ್ಟೂ ಕಿವಿ ಕಡೆಗೆ ಒತ್ತಡ. ಕಲಿಯೋರಿಗೆ ನೀರು ತಾನಾಗೇ ಇಳಿಯೋ ಲೋಟವೇ ಸರಿ.

ನೀರಿನ ವಿಷಯದಲ್ಲಿ ಮಾತ್ರ ನಾನು ರಾಜಿ ಆಗಲ್ಲ. ನಲ್ಲಿ, ಬೋರು, ಬಾವಿ ನೀರು ನೇರ ಮೂಗಿಗೆ ಬೇಡ. ನೀಗ್ಲೇರಿಯಾ ಅನ್ನೋ ಅಮೀಬಾ ಕುಡಿದರೆ ಏನೂ ಮಾಡಲ್ಲ. ಮೂಗಿನ ಮೂಲಕ ಹೋದರೆ, ಮಾಡಿನಲ್ಲಿ ವಾಸನೆಯ ನರಗಳು ಹಾದುಹೋಗೋ ಜರಡಿಯಂಥ ತೆಳು ಮೂಳೆ ದಾಟಿ ಮೆದುಳಿಗೇ ಹೋಗುತ್ತೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿದ ಇಬ್ಬರು ಹೀಗೇ ತೀರಿಕೊಂಡರು. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಅಮೀಬಾದಿಂದ ಮೆದುಳು ಜ್ವರ ಬಂದ ಸುದ್ದಿ ಎಲ್ಲರೂ ಓದಿದ್ದೀರಿ. ಅಪರೂಪ ನಿಜ, ಆದರೆ ಬಂದರೆ ಉಳಿಯೋದು ಬಹಳ ಕಷ್ಟ. ನೇತಿಗೆ ಹಾಕೋ ಅಷ್ಟು ಉಪ್ಪಿಗೆ ಅದು ಸಾಯಲ್ಲ. ಅಕ್ವಾಗಾರ್ಡ್, ಕೆಂಟ್ ಯಾವುದೇ ಇರಲಿ, ಅವೆಲ್ಲ ಕುಡಿಯೋ ನೀರಿಗೆ. ಅದರ ತೊಟ್ಟಿ, ನಲ್ಲಿ ಎರಡೂ ಕ್ರಿಮಿರಹಿತ ಅಲ್ಲ. ಇಪ್ಪತ್ತು ಲೀಟರಿನ ಕ್ಯಾನ್ ನೀರೂ ಅಷ್ಟೇ. ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಸುಮಾರು 2,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಬೇಕು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್, ಹಾಗಾಗಿ ರಾಜ್ಯದಲ್ಲಿ ಎಲ್ಲೇ ಇದ್ದರೂ ಒಂದು ನಿಮಿಷ ಸಾಕು, ಊಟಿಯಲ್ಲಿರೋ ಸದಸ್ಯರು ಮೂರು ಮಾಡಿಕೊಳ್ಳಿ. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿದರೆ ಕುದಿಸಿದ್ದೆಲ್ಲ ದಂಡ, ಇದನ್ನು ಬಹಳ ಜನ ಮಾಡ್ತಾರೆ. ಲೋಟವನ್ನೂ ಕುದಿಸಿದ ನೀರಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ.

ಒಂದು ಹೊಳ್ಳೆ ಪೂರ್ತಿ ಕಟ್ಟಿದ್ದರೆ ಅವತ್ತು ಸುರಿಯಬೇಡಿ. ಹೊರಗೆ ಬರೋಕೆ ದಾರಿ ಇಲ್ಲದ ನೀರು ಕಿವಿ, ಗಂಟಲು ಹುಡುಕುತ್ತೆ. ಮೂಗಿನ ಪಕ್ಕದ ಗೋಡೆಯಲ್ಲಿ ಮೂರು ಮಡಿಕೆಗಳಿವೆ, ಟರ್ಬಿನೇಟ್ ಅಂತಾರೆ. ಅವು ಕೆಲವು ಗಂಟೆಗೊಮ್ಮೆ ಸರದಿ ಮೇಲೆ ಒಂದು ಕಡೆ ಊದಿ ಇನ್ನೊಂದು ಕಡೆ ಇಳಿಯುತ್ತವೆ, ಅದು ರೋಗ ಅಲ್ಲ. ಎಡಗಡೆ ಕಟ್ಟಿದ್ದರೆ ಬಲ ಮಗ್ಗುಲಿಗೆ ಹತ್ತು ನಿಮಿಷ ಮಲಗಿ ನೋಡಿ, ಸಾಮಾನ್ಯವಾಗಿ ಬಿಡುತ್ತೆ. ಯಾವಾಗಲೂ ಒಂದೇ ಕಡೆ ಕಟ್ಟಿದ್ದರೆ ಮಧ್ಯದ ಗೋಡೆ ವಾಲಿರಬಹುದು, ದುರ್ಮಾಂಸ ಬೆಳೆದಿರಬಹುದು, ಇಎನ್‌ಟಿ ಹತ್ತಿರ ತೋರಿಸಿ.

ನೇತಿಯಿಂದ ಸೈನಸ್, ಅಂದರೆ ಮುಖದ ಮೂಳೆಯೊಳಗಿನ ಗಾಳಿಗೂಡುಗಳ, ಒಳಗೆಲ್ಲ ತೊಳೆದುಹೋಗುತ್ತೆ ಅಂತ ಯಾರೋ ಬರೆದಿದ್ದಾರೆ. ಹಾಗಲ್ಲ. ಕೆನ್ನೆಯ ಸೈನಸ್ಸಿನ ಬಾಗಿಲು ಕೆಲವೇ ಮಿಲಿಮೀಟರ್, ಅದೂ ತಳದಲ್ಲಿಲ್ಲ, ಮೇಲ್ಗಡೆ ಇದೆ. ಒಳಗೆ ಹೋಗೋ ನೀರು ಅಲ್ಪಸ್ವಲ್ಪ. ತೊಳೆಯೋದು ಮುಖ್ಯವಾಗಿ ಬಾಗಿಲ ಹೊರಗಿನ ಸಿಂಬಳ, ಧೂಳು. ಅಷ್ಟಾದರೂ ಒಳಗಿನದ್ದು ಇಳಿಯೋಕೆ ದಾರಿ ಆಗುತ್ತೆ. ಅಲ್ಲಿ ಸೇರಿದ ಚೂರುಪಾರು ನೀರೇ ಎರಡು ಗಂಟೆ ಬಿಟ್ಟು ಬಗ್ಗಿದಾಗ ದಡಕ್ಕನೆ ಸುರಿಯೋದು, ಹೆದರಬೇಡಿ.

ಅದಕ್ಕೇ ಬಸಿಯೋದನ್ನು ಅವಸರದಲ್ಲಿ ಮಾಡಬಾರದು. ಸೊಂಟದಿಂದ ಬಗ್ಗಿ ನೆತ್ತಿ ನೆಲದ ಕಡೆ ಜೋತುಬಿಡಿ, ಅರ್ಧ ನಿಮಿಷ ಹಾಗೇ ಇರಿ. ಆಮೇಲೆ ಮುಖ ಬಲಕ್ಕೆ, ಎಡಕ್ಕೆ ತಿರುಗಿಸಿ ಅಷ್ಟಷ್ಟೇ ಹೊತ್ತು. ಬಾಯಿ ತೆರೆದಿರಲಿ. ನೆಟ್ಟಗಾಗಿ ಎರಡೂ ಹೊಳ್ಳೆಯಿಂದ ಹತ್ತು ಹದಿನೈದು ಸಲ ಹಗುರವಾಗಿ ಉಸಿರು ಬಿಡಿ. ಇದೇ ಹೊತ್ತಿಗೆ ನೂರು ಕಪಾಲಭಾತಿ (ಹೊಟ್ಟೆ ಒಳಗೆಳೆದು ಜೋರಾಗಿ ಉಸಿರು ಹೊರಹಾಕೋದು) ಹೊಡೆಯೋದು ಬೇಡ. ಬಿಪಿ ಇರೋರು, ತಲೆ ಸುತ್ತು ಬರೋರು ನೆತ್ತಿ ಅಷ್ಟು ಕೆಳಗೆ ಬಿಡದೆ ಕುರ್ಚಿಯಲ್ಲಿ ಕೂತು ಮುಂದಕ್ಕೆ ಬಗ್ಗಿ. ತಕ್ಷಣ ಮಲಗಬೇಡಿ.

ಈಗ ನಿಮ್ಮ ಕಿವಿಗೆ: ನೇತಿ ನಿಲ್ಲಿಸಿ. ಆಗಾಗ ಎಂಜಲು ನುಂಗಿ, ಬೇಕಂತಲೇ ಆಕಳಿಸಿ, ಏನಾದರೂ ಅಗಿಯಿರಿ. ಮೂಗು ಮುಚ್ಚಿ ಊದಿ ಬಿಡಿಸಿಕೊಳ್ಳೋ ಪ್ರಯತ್ನ ಬೇಡ, ಕಡ್ಡಿ, ಬಡ್ಸ್ ಬೇಡ. ಎರಡು ದಿನ ಆಗಲೇ ಆಗಿದೆ, ನಾಳೆಯೂ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ. ನೋವು, ಜ್ವರ, ಸೋರೋದು, ತಲೆಸುತ್ತು, ಕೇಳಿಸೋದು ಕಮ್ಮಿ, ಇದರಲ್ಲಿ ಯಾವುದಿದ್ದರೂ ಇವತ್ತೇ ಹೋಗಿ. ನಲ್ಲಿ ನೀರು ಬಳಸಿರೋದರಿಂದ ಇನ್ನೊಂದು ಮಾತು: ಮುಂದಿನ ಹತ್ತು ಹನ್ನೆರಡು ದಿನದೊಳಗೆ ಜ್ವರದ ಜೊತೆ ವಿಪರೀತ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಆಸ್ಪತ್ರೆಗೆ ಓಡಿ, ನೇತಿ ಮಾಡಿದ್ದನ್ನು ಅಲ್ಲಿ ಹೇಳಿ. ಹಾಗಾಗುತ್ತೆ ಅಂತಲ್ಲ, ಗೊತ್ತಿರಲಿ ಅಂತ.

ಸೂತ್ರನೇತಿ, ಅಂದರೆ ಮೂಗಿನಿಂದ ದಾರ ಹಾಕಿ ಬಾಯಿಂದ ತೆಗೆಯೋದು, ಕೇಳಿದವರಿಗೆ: ಎದುರಿಗೆ ಗುರು ಇಲ್ಲದೆ ಬೇಡ. ಮಧ್ಯದ ಗೋಡೆಯ ಮುಂಭಾಗದಲ್ಲಿ ರಕ್ತನಾಳಗಳ ಬಲೆಯೇ ಇದೆ, ಮೂಗಿನ ರಕ್ತ ಹೆಚ್ಚಾಗಿ ಬರೋದು ಅಲ್ಲಿಂದ. ಬಂದರೆ ತಲೆ ಹಿಂದಕ್ಕೆ ಹಾಕಬೇಡಿ, ರಕ್ತ ಗಂಟಲಿಗಿಳಿದು ವಾಂತಿ ಆಗುತ್ತೆ. ಮುಂದಕ್ಕೆ ಬಗ್ಗಿ, ಮೂಳೆಯ ಕೆಳಗಿನ ಮೆತ್ತನೆ ಭಾಗ ಒತ್ತಿ ಹಿಡಿದು ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ, ಮಧ್ಯೆ ಬಿಟ್ಟು ನೋಡದೆ. ನಿಲ್ಲದಿದ್ದರೆ ಆಸ್ಪತ್ರೆ.

ಒಟ್ರಿವಿನ್, ನ್ಯಾಸಿವಿಯಾನ್ ಥರದ ಹನಿ ಹಾಕಿ ಮೂಗು ಬಿಡಿಸಿಕೊಂಡು ದಿನಾ ನೇತಿ ಮಾಡೋರೂ ಇದ್ದಾರೆ. ಮೂರರಿಂದ ಐದು ದಿನ ದಾಟಿದರೆ ಅದೇ ಹನಿಯಿಂದ ಮೂಗು ಇನ್ನೂ ಜೋರಾಗಿ ಕಟ್ಟೋಕೆ ಶುರುವಾಗುತ್ತೆ, ಬಿಡೋದೇ ಕಷ್ಟ. ಅಲರ್ಜಿಗೆ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಸ್ಪ್ರೇ ಬೇರೆ, ಅದೂ ಈ ಹನಿಗಳ ಥರದ್ದೇ ಅಂದುಕೊಂಡು ನಿಲ್ಲಿಸಬೇಡಿ. ಮೊದಲು ನೇತಿ, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ. ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ ಹಿಡಿಯಿರಿ, ಆಗ ಮೂತಿ ತಾನಾಗೇ ಹೊರಗೋಡೆ ಕಡೆ ತಿರುಗುತ್ತೆ, ಮಧ್ಯದ ಗೋಡೆಗೆ ಹೊಡೆದು ರಕ್ತ ಬರಲ್ಲ.

ಆರು ವರ್ಷದ ಮಗಳಿಗೆ ಕಲಿಸಬಹುದಾ ಅಂದ ಅಕ್ಕಾವ್ರಿಗೆ: ಸದ್ಯಕ್ಕೆ ಬೇಡ. ಮಕ್ಕಳಲ್ಲಿ ಕಿವಿಯ ನಳಿಕೆ ಗಿಡ್ಡ, ದೊಡ್ಡವರಷ್ಟು ಇಳಿಜಾರೂ ಇರಲ್ಲ, ನೀರು ಬೇಗ ಹೋಗುತ್ತೆ. ನುಂಗಬೇಡ ಅಂದರೆ ಆ ವಯಸ್ಸಿಗೆ ನಿಲ್ಲೋದೂ ಇಲ್ಲ. ಶೀತ ಇದ್ದಾಗ ಮೆಡಿಕಲ್ ಶಾಪಿನಲ್ಲಿ ಸಿಗೋ ಸಲೈನ್ ಹನಿ ಎರಡೆರಡು ಹಾಕಿದರೆ ಸಾಕು.