‘ಸಾಹಿತ್ಯ ಪ್ರಕಾರಗಳ ಪರಿಚಯ’ ಕಳಿಸಿದವರಿಗೆ

ನಮಸ್ಕಾರ.

ಪಿಯುಸಿ ಮಕ್ಕಳಿಗೆಂದು ನೀವು ಬರೆದ ‘ಸಾಹಿತ್ಯ ಪ್ರಕಾರಗಳು: ಒಂದು ಪರಿಚಯ’ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದು ನೇರ ಮಾತು. ಆದರೆ ತಿದ್ದಿ ಬರೆದರೆ ಮಕ್ಕಳಿಗೆ ನಿಜಕ್ಕೂ ಉಪಯೋಗವಾಗುವ ಲೇಖನ ಆಗುತ್ತದೆ. ಅದಕ್ಕೇ ಇಷ್ಟುದ್ದದ ಪತ್ರ ಬರೆಯುತ್ತಿದ್ದೇನೆ.

ನೀವು ಹದಿನೆಂಟು ಪ್ರಕಾರಗಳನ್ನು ಎತ್ತಿಕೊಂಡಿದ್ದೀರಿ. ಒಂದೊಂದಕ್ಕೂ ಎರಡು ಸಾಲಿನ ವಿವರಣೆ, ಒಬ್ಬಿಬ್ಬರು ಕವಿಗಳ ಹೆಸರು, ಅಷ್ಟೇ. ‘ಷಟ್ಪದಿ ಎಂದರೆ ಆರು ಸಾಲಿನ ಪದ್ಯ, ತ್ರಿಪದಿ ಎಂದರೆ ಮೂರು ಸಾಲಿನ ಪದ್ಯ.’ ಮಕ್ಕಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಎರಡು ಅಂಕ ತೆಗೆಯಬಹುದು. ನಾಳೆ ಒಂದು ಷಟ್ಪದಿ ಕಣ್ಣ ಮುಂದೆ ಬಂದರೆ ಏನು ಮಾಡಬೇಕು ಅಂತ ಮಾತ್ರ ತಿಳಿಯುವುದಿಲ್ಲ. ಈ ಬರಹ ಹಾಡುವುದಕ್ಕೆ ಹುಟ್ಟಿತೋ, ಆಡಿ ತೋರಿಸುವುದಕ್ಕೋ, ಒಬ್ಬರೇ ಕೂತು ಓದುವುದಕ್ಕೋ? ಹೇಳಿದವರು ಯಾರು, ಕೇಳುತ್ತಿದ್ದವರು ಯಾರು? ಪ್ರಕಾರವನ್ನು ಪರಿಚಯ ಮಾಡಿಕೊಡುವವರು ಮೊದಲು ಕೇಳಬೇಕಾದ್ದು ಇದನ್ನೇ. ನಿಮ್ಮ ಲೇಖನದಲ್ಲಿ ಈ ಪ್ರಶ್ನೆ ಒಂದೇ ಒಂದು ಕಡೆ ಬರುತ್ತದೆ. ಆ ಜಾಗದ ಬಗ್ಗೆ ಆಮೇಲೆ ಹೇಳುತ್ತೇನೆ.

ಷಟ್ಪದಿಯನ್ನೇ ನೋಡೋಣ. ಕುಮಾರವ್ಯಾಸನ ಹೆಸರು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಬದಲಿಗೆ ಅವನ ಮೊದಲ ಪದ್ಯದ ಎರಡು ಸಾಲು ಕೊಡಿ: ‘ಶ್ರೀವನಿತೆಯರಸನೆ ವಿಮಲ ರಾ / ಜೀವಪೀಠನ ಪಿತನೆ ಜಗಕತಿ’. ಮೊದಲ ಸಾಲು ‘ರಾ’ ಅನ್ನುವಲ್ಲಿ ನಿಂತುಬಿಟ್ಟಿದೆ. ‘ರಾಜೀವ’ದ ಉಳಿದರ್ಧ ಕೆಳಗಿನ ಸಾಲಿನಲ್ಲಿದೆ. ಯಾಕೆ ಹೀಗೆ ಅಂತ ಯಾವ ಹುಡುಗಿಯಾದರೂ ಕೇಳುತ್ತಾಳೆ, ಕೇಳಲೇಬೇಕು. ಆಗ ಅವಳ ಕೈಯಲ್ಲೇ ಮಾತ್ರೆ, ಅಂದರೆ ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಅಂತ ಉಚ್ಚಾರಣೆಯ ಅಳತೆ, ಎಣಿಸಿ. ಶ್ರೀವ, ನಿತೆಯರ, ಸನೆವಿ, ಮಲರಾ: ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14. ಭಾಮಿನಿ ಅನ್ನುವ ಈ ಬಗೆಯ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲು ಬಿಟ್ಟು ಉಳಿದವೆಲ್ಲ 14ಕ್ಕೆ ಮುಗಿಯಬೇಕು. ಆ ಎರಡು ಸಾಲು ಮಾತ್ರ 23 ಮಾತ್ರೆಯವರೆಗೆ ಓಡುತ್ತವೆ. ಇನ್ನೂ ಒಂದು ಕಾರಣ ಇದೆ. ಆ ಪದ್ಯದ ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ವಕಾರವೇ ಬರುತ್ತದೆ. ಶ್ರೀವ, ಜೀವ, ಪಾವ, ಹೀಗೆ. ‘ರಾ’ವನ್ನು ಮೇಲೆ ಬಿಟ್ಟಿದ್ದಕ್ಕೇ ಕೆಳಗೆ ‘ಜೀವ’ ಸಿಕ್ಕಿತು.

ಇಲ್ಲೇ ನಿಮ್ಮ ಒಂದು ತಪ್ಪನ್ನೂ ತಿದ್ದಿಕೊಳ್ಳಿ. ಪ್ರಾಸ ಅಂದರೆ ಸಾಲಿನ ಕೊನೆಯಲ್ಲಿ ಒಂದೇ ಸದ್ದು ಬರುವುದು ಅಂತ ಬರೆದಿದ್ದೀರಿ. ಹಳೆಯ ಕಾವ್ಯದಲ್ಲಿ ಪ್ರಾಸ ಇರುತ್ತಿದ್ದದ್ದು ಈ ಎರಡನೆಯ ಅಕ್ಷರದಲ್ಲಿ. 1911ರಲ್ಲಿ ಕವಿ ಗೋವಿಂದ ಪೈಗಳು ಕೈಬಿಟ್ಟಿದ್ದು ಈ ಪ್ರಾಸವನ್ನೇ. ಅದು ಎಷ್ಟು ದೊಡ್ಡ ಹೆಜ್ಜೆ ಅನ್ನುವುದು ಮೇಲಿನ ಪದ್ಯ ನೋಡಿದ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಇನ್ನು ಮುರಿದ ಸಾಲಿನ ವಿಷಯ. ಕಾವ್ಯವನ್ನು ರಾಗವಾಗಿ ಓದುವ ಗಮಕಿ ಹಾಡಿದಾಗ ಕಿವಿಗೆ ‘ರಾಜೀವ’ ಅಂತಲೇ ಕೇಳುತ್ತದೆ. ಮುರಿದಂತೆ ಕಾಣುವುದು ಪುಟದ ಮೇಲೆ ಮಾತ್ರ. ಇಷ್ಟು ಹೇಳಿದರೆ ಷಟ್ಪದಿ ಯಾರಿಗಾಗಿ ಹುಟ್ಟಿದ ರೂಪ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ತ್ರಿಪದಿಗೂ ಹೀಗೇ ಅನ್ಯಾಯ ಆಗಿದೆ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಬಂಡೆಯ ಮೇಲೆ ತ್ರಿಪದಿ ಕೆತ್ತಿದ್ದಾರೆ. ಅದೇ ಮೂರು ಸಾಲು ಸರ್ವಜ್ಞನ ಬಾಯಲ್ಲಿ ಬುದ್ಧಿಮಾತಾಯಿತು. ಅದೇ ಮೂರು ಸಾಲನ್ನು ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ತವರಿನ ಬಗ್ಗೆ, ಅಣ್ಣನ ಬಗ್ಗೆ, ಹಡೆದವ್ವನ ಬಗ್ಗೆ ಹಾಡಿಕೊಂಡರು. ವೀರನೊಬ್ಬನ ಹೊಗಳಿಕೆಯಿಂದ ರಾಗಿ ಬೀಸುವ ಹಾಡಿನ ತನಕ ಒಂದೇ ರೂಪ! ಇದನ್ನು ಓದಿದ ಮಕ್ಕಳು ಮನೆಯಲ್ಲಿ ಅಜ್ಜಿಯ ಹತ್ತಿರ ಹೋಗಿ ‘ನಿಂಗೆ ಬೀಸೋ ಪದ ಬರುತ್ತಾ’ ಅಂತ ಕೇಳಬೇಕು. ನಿಮ್ಮ ಒಂದು ಸಾಲಿನ ವಿವರಣೆ ಓದಿ ಯಾರೂ ಕೇಳುವುದಿಲ್ಲ.

ಚಂಪೂ, ವಚನ ಎರಡಕ್ಕೂ ‘ಗದ್ಯ ಪದ್ಯಗಳ ಮಿಶ್ರಣ’ ಅಂತ ಒಂದೇ ಮಾತು ಬಳಸಿದ್ದೀರಿ. ಎಲ್ಲಿ ಎಡವಿದಿರಿ ಅಂತ ಊಹಿಸಬಲ್ಲೆ. ಪಂಪನ ಕಾವ್ಯದಲ್ಲಿ ಗದ್ಯ ಬರುವ ಕಡೆ ‘ವ’ ಅಂತ ಗುರುತು ಹಾಕಿರುತ್ತಾರೆ, ವಚನ ಅನ್ನುವುದಕ್ಕೆ. ಆ ವಚನವೇ ಬೇರೆ, ಬಸವಣ್ಣನವರ ವಚನವೇ ಬೇರೆ. ಚಂಪೂವಿನಲ್ಲಿ ವೃತ್ತ, ಕಂದ ಅನ್ನುವ ಪದ್ಯಗಳ ನಡುನಡುವೆ ಗದ್ಯ ಬರುತ್ತದೆ. 10ನೆಯ ಶತಮಾನದ ಪಂಪನ ಎದುರಿಗೆ ಅರಿಕೇಸರಿ ರಾಜನ ಆಸ್ಥಾನ ಇತ್ತು, ಸಂಸ್ಕೃತ ಬಲ್ಲ ಪಂಡಿತರಿದ್ದರು. 12ನೆಯ ಶತಮಾನದ ವಚನಕ್ಕೆ ಛಂದಸ್ಸಿನ ಕಟ್ಟುಪಾಡೇ ಇಲ್ಲ. ಅದು ಒಬ್ಬರ ನೇರ ಮಾತು, ಸಾಮಾನ್ಯವಾಗಿ ಕೊನೆಗೆ ತಮ್ಮ ದೇವರ ಹೆಸರಿನ ಅಂಕಿತ ಬರುತ್ತದೆ. ಆಸ್ಥಾನದ ಹತ್ತಿರವೂ ಸುಳಿಯದ ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ ಅಂಥವರು ಬಾಯಿಬಿಟ್ಟು ಮಾತಾಡಿದ್ದು ಆ ರೂಪದಲ್ಲಿ. ಇವೆರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಬೇಡಿ. ಇದೊಂದು ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹಟ ಮಾಡುತ್ತೇನೆ.

‘ಕಾಲ್ಪನಿಕ, ಕಾಲ್ಪನಿಕೇತರ’ ಅನ್ನುವ ವಿಂಗಡಣೆಯನ್ನು ಪೂರ್ತಿ ತೆಗೆದುಹಾಕಿ. ಕಾದಂಬರಿ, ಪ್ರವಾಸ ಕಥನಗಳನ್ನು ಜೋಡಿಸಿಡಲು ಅದು ಸಾಕಾಗಬಹುದು. ವಚನವನ್ನು ಯಾವ ಕಡೆ ಇಡುತ್ತೀರಿ? ಕೀರ್ತನೆಯನ್ನು?

ಹೊಸಗನ್ನಡದ ಭಾಗದಲ್ಲಿ ಹೇಳುವುದು ಕಡಿಮೆ. ಸಣ್ಣಕಥೆಗೆ ಹತ್ತು ಪುಟ, ಕಾದಂಬರಿಗೆ ನೂರು ಅಂತ ಲೆಕ್ಕ ಹಾಕಬೇಡಿ. ಮುದ್ರಣ ಬಂದು, ಒಬ್ಬರೇ ಕೂತು ಮನಸ್ಸಿನಲ್ಲೇ ಓದುವ ಅಭ್ಯಾಸ ಬೆಳೆದ ಕಾಲದಲ್ಲಿ ಈ ರೂಪಗಳು ಬೇರು ಬಿಟ್ಟವು ಅಂತ ಹೇಳಿ. 1899ರ ‘ಇಂದಿರಾಬಾಯಿ’ ಕಾದಂಬರಿಯ ಉದಾಹರಣೆ ನಿಮ್ಮಲ್ಲೇ ಇದೆ. ಲಲಿತ ಪ್ರಬಂಧದ ಭಾಗಕ್ಕೆ ಮಾತ್ರ ಒಂದು ಎಚ್ಚರಿಕೆ ಸೇರಿಸಿ. ಶಾಲೆಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆಸುತ್ತಾರಲ್ಲ, ಅದು ಇದಲ್ಲ. ಲಲಿತ ಪ್ರಬಂಧದಲ್ಲಿ ವಿಷಯಕ್ಕಿಂತ ಮಾತಾಡುವ ಮನುಷ್ಯ ಮುಖ್ಯ. ಮಕ್ಕಳಿಗೆ ಈ ಗೊಂದಲ ನಿಜವಾಗಿ ಇದೆ.

ಈಗ ಆ ಒಳ್ಳೆಯ ಜಾಗ. ಯಕ್ಷಗಾನ ಪ್ರಸಂಗದ ಬಗ್ಗೆ ನೀವು ಬರೆದ ಪ್ಯಾರಾ. ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಭಾಗವತರು ಅದನ್ನು ಹಾಡುತ್ತಾರೆ, ಮಾತನ್ನು ಕಲಾವಿದರು ರಂಗದ ಮೇಲೆ ಆಗಿಂದಾಗ ಕಟ್ಟುತ್ತಾರೆ, ಹಾಗಾಗಿ ಒಂದೇ ಪ್ರಸಂಗ ಎರಡು ರಾತ್ರಿ ಒಂದೇ ಥರ ಇರುವುದಿಲ್ಲ ಅಂತ ಬರೆದಿದ್ದೀರಿ. ಇದು ನೀವು ಕೂತು ನೋಡಿ, ಕೇಳಿ ಬರೆದದ್ದು. ಪುಸ್ತಕ ನೋಡಿ ಇಳಿಸಿಕೊಂಡದ್ದಲ್ಲ. ಪ್ರಸಂಗಗಳಲ್ಲೂ ಭಾಮಿನಿ, ವಾರ್ಧಕ ಷಟ್ಪದಿಗಳು ಬರುತ್ತವೆ. ಹಾಗಾಗಿ ಷಟ್ಪದಿಯ ಭಾಗದಿಂದ ಇಲ್ಲಿಗೆ ಸುಲಭವಾಗಿ ಬರಬಹುದು.

ಹದಿನೆಂಟರಲ್ಲಿ ಆರನ್ನು ಉಳಿಸಿಕೊಳ್ಳಿ: ತ್ರಿಪದಿ, ಚಂಪೂ, ವಚನ, ಷಟ್ಪದಿ, ಯಕ್ಷಗಾನ ಪ್ರಸಂಗ, ಸಣ್ಣಕಥೆ. ಲಲಿತ ಪ್ರಬಂಧದ ಮೇಲೆ ನಿಮಗೆ ಪ್ರೀತಿ ಇದ್ದರೆ ಏಳನೆಯದಾಗಿ ಸೇರಿಸಿ. ಉಳಿದವು ಇನ್ನೊಂದು ಲೇಖನಕ್ಕೆ ಇರಲಿ. ಒಂದೊಂದರಲ್ಲೂ ಒಂದು ಪದ್ಯವನ್ನೋ ಒಂದು ತುಂಡು ಗದ್ಯವನ್ನೋ ಇಟ್ಟುಕೊಂಡು ಮಾತಾಡಿ. ಕವಿಗಳ ಪಟ್ಟಿ ಬೇಡ. ಉಲ್ಲೇಖಿಸುವ ಸಾಲುಗಳನ್ನು ಅಚ್ಚಾದ ಪುಸ್ತಕದ ಜೊತೆ ಹೋಲಿಸಿ ನೋಡಿ, ನೆನಪಿನಿಂದ ಬರೆಯಬೇಡಿ. ಸಾವಿರದೈನೂರು ಪದಗಳವರೆಗೆ ಜಾಗ ಕೊಡುತ್ತೇನೆ. ಮೊದಲು ಷಟ್ಪದಿಯ ಭಾಗವನ್ನಷ್ಟೇ ಬರೆದು ಕಳಿಸಿ. ಅದನ್ನು ನೋಡಿ, ಉಳಿದದ್ದನ್ನು ಹೇಗೆ ಮಾಡೋಣ ಅಂತ ಫೋನಿನಲ್ಲಿ ಮಾತಾಡೋಣ.

ನಿಮ್ಮ,
ಸಂಪಾದಕ